ಮಿಕ್ಸರ್ ಸಭೆಯ ನಡುವೆ ಇರಲಿ

ಮುಂಬಯಿಯ ಕನ್ನಡ ಕಾರ್ಯಕ್ರಮಗಳ ಆಮಂತ್ರಣ ಪತ್ರಿಕೆಯನ್ನು ಒಮ್ಮೆ ತೆಗೆದು ನೋಡಿ. ದೀಪ ಬೆಳಗುವುದು ಎಷ್ಟು ಗಂಟೆಗೆ, ಪ್ರಾರ್ಥನೆ ಯಾರದು, ಸನ್ಮಾನ ಯಾರಿಗೆ, ವಂದನಾರ್ಪಣೆ ಯಾರದು, ಊಟ ಯಾವಾಗ, ಎಲ್ಲವೂ ಇರುತ್ತದೆ. ಸೌಂಡ್ ಚೆಕ್ ಎಂಬ ಒಂದು ಸಾಲು ಮಾತ್ರ ಪತ್ರಿಕೆಯಲ್ಲಿ ಹಾಗಿರಲಿ, ಕಾರ್ಯದರ್ಶಿಗಳ ಡೈರಿಯಲ್ಲೂ ಇರುವುದಿಲ್ಲ. ಸಭಾಂಗಣದ ಬಾಗಿಲು ನಾಲ್ಕಕ್ಕೆ ತೆರೆದರೆ ನಾಲ್ಕೂವರೆಗೆ ಜನ ಬಂದು ಕೂತಾಗಿರುತ್ತದೆ. ಆ ಅರ್ಧ ಗಂಟೆಯಲ್ಲಿ ಸ್ಪೀಕರ್ ಏರಿಸಬೇಕು, ಕೇಬಲ್ ಎಳೆಯಬೇಕು, ಮೈಕ್‌ಗಳನ್ನು ಒಂದೊಂದಾಗಿ ನೋಡಿಕೊಳ್ಳಬೇಕು. ನಡುವೆ ಯಾರಾದರೂ ಬಂದು ಪೆನ್‌ಡ್ರೈವ್ ಕೊಟ್ಟು, ಜನ ಕಾಯುತ್ತಿದ್ದಾರೆ, ಯಾವುದಾದರೂ ಭಕ್ತಿಗೀತೆ ಹಾಕಿ ಎನ್ನುತ್ತಾರೆ. ಹಾಡು ಶುರುವಾಯಿತೆಂದರೆ ಪರೀಕ್ಷೆ ಅಲ್ಲಿಗೇ ನಿಂತಿತು.

ನಾನು ಕುಂದಾಪುರದ ಕಡೆಯವನು. ಮುಂಬಯಿಯಲ್ಲಿ ಕಾರ್ಯಕ್ರಮಗಳಿಗೆ ಸೌಂಡ್ ಮಾಡುವುದೇ ನನ್ನ ಹೊಟ್ಟೆಪಾಡು. ಮರಾಠಿ ನಾಟಕ, ಹಿಂದೂಸ್ಥಾನಿ ಕಛೇರಿ, ಕಂಪನಿಗಳ ವಾರ್ಷಿಕ ಸಮಾರಂಭ, ನಮ್ಮವರ ರಾಜ್ಯೋತ್ಸವ, ಯಕ್ಷಗಾನ ಎಲ್ಲದಕ್ಕೂ ಹೋಗುತ್ತೇನೆ. ಊರಿಗೆ ಹೋದಾಗ ಜಾತ್ರೆಯೋ ಯಕ್ಷಗಾನದ ಆಟವೋ ಇದ್ದರೆ ಅಲ್ಲಿಯ ಮೈಕ್ ಸೆಟ್‌ನವರ ಪಕ್ಕ ಕೂತು ಕೈಜೋಡಿಸುವುದೂ ಉಂಟು. ಎರಡೂ ಕಡೆ ಪೆಟ್ಟಿಗೆ ಬಿಚ್ಚಿದರೆ ಒಳಗಿರುವುದು ಹೆಚ್ಚುಕಡಿಮೆ ಒಂದೇ ಸಾಮಾನು. ಇಲ್ಲಿಯ ಗಾಯಕರ ಕೈಯಲ್ಲಿರುವ ಶೂರ್ ಎಸ್‌ಎಂ 58 ಮೈಕೇ ಉಡುಪಿಯಲ್ಲೂ ಹುಬ್ಬಳ್ಳಿಯಲ್ಲೂ ಇದೆ. ಎಲ್ಲ ಮೈಕ್‌ಗಳ ಸದ್ದನ್ನು ಹದಮಾಡಿ ಬೆರೆಸುವ ಡಿಜಿಟಲ್ ಮಿಕ್ಸರ್ ಈಗ ತಾಲ್ಲೂಕು ಕೇಂದ್ರಗಳಿಗೂ ಬಂದಿದೆ. ವ್ಯತ್ಯಾಸ ಇರುವುದು ಸೌಂಡ್‌ನವನನ್ನು ಯಾರ ಸಾಲಿಗೆ ಸೇರಿಸುತ್ತೇವೆ ಎನ್ನುವುದರಲ್ಲಿ. ಮರಾಠಿ ರಂಗಭೂಮಿ ಅವನನ್ನು ಕಲಾವಿದರ ಜೊತೆ ಎಣಿಸುತ್ತದೆ. ನಾವು ಶಾಮಿಯಾನ, ಕುರ್ಚಿ, ಜನರೇಟರ್ ಜೊತೆ ಎಣಿಸುತ್ತೇವೆ. ಊರಿನಲ್ಲೂ ಹಾಗೆಯೇ, ಹೊರನಾಡಿಗೆ ಬಂದ ಮೇಲೂ ಹಾಗೆಯೇ. ಇದು ಬದಲಾಗಲೇಬೇಕು.

ದಾದರಿನ ಶಿವಾಜಿ ಮಂದಿರ, ಮಾಟುಂಗದ ಯಶವಂತ ನಾಟ್ಯ ಮಂದಿರ, ಠಾಣೆಯ ಗಡ್ಕರಿ ರಂಗಾಯತನ, ಇಂಥ ಕಡೆ ಭಾನುವಾರ ಒಂದೇ ರಂಗಮಂದಿರದಲ್ಲಿ ಬೇರೆ ಬೇರೆ ತಂಡಗಳ ನಾಟಕ ಒಂದರ ಹಿಂದೆ ಒಂದು ಇರುತ್ತದೆ. ಒಬ್ಬರ ಸೆಟ್ ಇಳಿಯುತ್ತಿರುವಾಗಲೇ ಇನ್ನೊಬ್ಬರ ಸೆಟ್ ಬಾಗಿಲಲ್ಲಿ ಕಾಯುತ್ತಿರುತ್ತದೆ. ಸಮಯ ನಮ್ಮವರಿಗಿಂತ ಅವರಿಗೇ ಕಡಿಮೆ. ಆದರೂ ಗಡಿಬಿಡಿ ಇರುವುದಿಲ್ಲ, ಏಕೆಂದರೆ ಸಂಗೀತ ನಡೆಸುವವನು ತಾಲೀಮಿನ ದಿನಗಳಿಂದಲೇ ತಂಡದವನು. ಯಾವ ಮಾತಿನ ಕೊನೆಗೆ ಸಂಗೀತ ಏಳಬೇಕು, ಯಾವ ನಗುವಿಗೆ ಜಾಗ ಬಿಡಬೇಕು ಎಂಬುದು ನಟನಿಗೆ ಗೊತ್ತಿರುವಷ್ಟೇ ಅವನಿಗೂ ಗೊತ್ತು. ಮೂರನೇ ಗಂಟೆ ಬಾರಿಸುವ ಮೊದಲು ರಂಗದ ವ್ಯವಸ್ಥಾಪಕರು ಅವನನ್ನು 'ದಾದಾ, ತಯಾರಾ?' ಎಂದು ಕೇಳಿಯೇ ಪರದೆ ತೆಗೆಯುವುದು. ಅವನು ಹೂಂ ಎನ್ನುವ ತನಕ ನಾಟಕ ಶುರುವಾಗುವುದಿಲ್ಲ. ನಮ್ಮ ವೇದಿಕೆಯಿಂದ ಬರುವ ಮಾತು 'ಮೈಕ್‌ನವರೇ, ಸ್ವಲ್ಪ ಸೌಂಡ್ ಕೊಡಿ', ಅದೂ ಸಭೆಯೆಲ್ಲ ಕೇಳುವ ಹಾಗೆ.

ಇನ್ನು ಮಿಕ್ಸರ್ ಇಡುವ ಜಾಗ. ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಇದೇ. ದೊಡ್ಡ ಸಂಗೀತ ಕಾರ್ಯಕ್ರಮಗಳಲ್ಲಿ ಮಿಕ್ಸರ್ ಪ್ರೇಕ್ಷಕರ ನಡುವೆ, ವೇದಿಕೆಗೆ ಎದುರಾಗಿ ಇರುತ್ತದೆ. ಅದಕ್ಕಾಗಿ ಒಳ್ಳೆಯ ಕುರ್ಚಿಗಳನ್ನೇ ತೆಗೆಸುತ್ತಾರೆ, ಟಿಕೆಟ್ ಹಣ ಹೋದರೂ ಚಿಂತೆಯಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಅದನ್ನು ವೇದಿಕೆಯ ಬದಿಯ ಪರದೆಯ ಹಿಂದೆಯೋ, ಕೊನೆಯ ಮೂಲೆಯ ಗೋಡೆಗೆ ಒತ್ತಿಯೋ ಇಡಿಸುತ್ತಾರೆ. ವಯರ್ ಕಾಣಬಾರದು, ಫೋಟೋದಲ್ಲಿ ಬರಬಾರದು ಎಂಬ ಕಾರಣ ಕೊಡುತ್ತಾರೆ. ಸ್ಪೀಕರ್‌ನ ಹಿಂದೆ ಕೂತವನಿಗೆ ಬರೀ ಗುಂಯ್‌ಗುಟ್ಟುವ ಬೇಸ್ ಕೇಳುತ್ತದೆ, ಏಕೆಂದರೆ ತೀಕ್ಷ್ಣ ಸ್ವರಗಳು ಸ್ಪೀಕರ್‌ನ ಮೂತಿ ಇರುವ ದಿಕ್ಕಿಗೇ ಹೋಗುತ್ತವೆ. ಮಾತು ಸ್ಪಷ್ಟವಿಲ್ಲ ಎಂದು ಅವನು ಟ್ರೆಬಲ್ ಏರಿಸುತ್ತಾನೆ. ಮುಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ಗೋಡೆಗೆ ಒತ್ತಿ ಕೂತವನ ಪಾಡು ಬೇರೆ: ಗೋಡೆಯ ಬಳಿ ಬೇಸ್ ಕೂಡಿಕೊಂಡು ದಪ್ಪಗಾಗುತ್ತದೆ. ಅವನು ಅದನ್ನು ತಗ್ಗಿಸಿದರೆ ನಡುವೆ ಕೂತವರಿಗೆ ಮೃದಂಗ ಡಬ್ಬ ಬಡಿದ ಹಾಗೆ ಕೇಳುತ್ತದೆ. ರುಚಿ ನೋಡಬೇಡ, ಅಡುಗೆ ಮಾತ್ರ ಹದವಾಗಿರಲಿ ಎಂದರೆ ಯಾವ ಭಟ್ಟರು ತಾನೇ ಏನು ಮಾಡಿಯಾರು? ಕೆಲವು ವರ್ಷಗಳ ಹಿಂದೆ ಉಪನಗರದ ಒಂದು ಸಂಘದ ಸಮಾರಂಭದಲ್ಲಿ ಸಭೆಯ ನಡುವೆ ಎರಡೇ ಎರಡು ಕುರ್ಚಿಯ ಜಾಗ ಕೇಳಿದೆ. ದಾನಿಗಳು ಕೂರುವ ಸಾಲು, ಆಗುವುದಿಲ್ಲ ಎಂದರು. ಆ ಸಂಜೆ ಹಾಡಿದ ಹುಡುಗಿಗೆ ನ್ಯಾಯ ಸಿಗಲಿಲ್ಲ. ಅವಳ ಗಂಟಲು ಚೆನ್ನಾಗಿತ್ತು, ಜನ ಮಾತ್ರ 'ಏನೂ ಅರ್ಥವಾಗಲಿಲ್ಲ' ಎಂದುಕೊಂಡು ಊಟಕ್ಕೆ ಎದ್ದರು.

ಯಕ್ಷಗಾನದ ವಿಷಯಕ್ಕೆ ಬರುತ್ತೇನೆ. ಮುಂಬಯಿಯಲ್ಲಿ ಆಟ ನಡೆಯುವುದು ಹೆಚ್ಚಾಗಿ ಮುಚ್ಚಿದ ಸಭಾಂಗಣದಲ್ಲಿ. ಚೆಂಡೆ ಹುಟ್ಟಿದ್ದು ಬಯಲಿಗೆ. ಗದ್ದೆಯ ಆಚೆಯ ಮನೆಗೂ ಕೇಳಬೇಕಾದ ವಾದ್ಯವನ್ನು ಸಿಮೆಂಟು ಗೋಡೆಗಳ ನಡುವೆ ಬಾರಿಸಿದಾಗ ಅದಕ್ಕೆ ಮೈಕೇ ಬೇಡ. ಆದರೂ ಎಲ್ಲ ವಾದ್ಯಕ್ಕೂ ಒಂದೊಂದು ಮೈಕ್ ಇರಲಿ ಎಂದು ಇಡಿಸುತ್ತಾರೆ. ಭಾಗವತರ ಪದ್ಯ ಕೇಳುತ್ತಿಲ್ಲ ಎಂಬ ದೂರು ಬಂದ ಕೂಡಲೇ ಅವರ ಮೈಕ್ ಏರಿಸಿ ಎನ್ನುತ್ತಾರೆ. ಭಾಗವತರ ಮೈಕ್ ಏರಿಸಿದರೆ ಅದರೊಳಗೆ ಪಕ್ಕದ ಚೆಂಡೆಯೂ ಏರುತ್ತದೆ, ಪದ್ಯ ಮತ್ತೆ ಮುಳುಗುತ್ತದೆ. ಮಾಡಬೇಕಾದದ್ದು ಬೇರೆ. ಮೊದಲು ಚೆಂಡೆಯ ಮೈಕ್ ಆಫ್ ಮಾಡಬೇಕು. ಭಾಗವತರದು ಕಾರ್ಡಿಯಾಯ್ಡ್ ಎಂಬ ಬಗೆಯ ಮೈಕ್, ಅದು ತನ್ನ ಬೆನ್ನ ಕಡೆಯಿಂದ ಬರುವ ಸದ್ದನ್ನು ಅತಿ ಕಡಿಮೆ ಹಿಡಿಯುತ್ತದೆ. ಆ ಬೆನ್ನು ಸಾಧ್ಯವಾದಷ್ಟು ಚೆಂಡೆಯ ಕಡೆ ತಿರುಗುವ ಹಾಗೆ ಸ್ಟ್ಯಾಂಡನ್ನು ಓರೆ ಮಾಡಬೇಕು. ತೆಂಕುತಿಟ್ಟು ಎಂಬ ದಕ್ಷಿಣದ ಶೈಲಿಯಲ್ಲಿ ಚೆಂಡೆಯವರು ನಿಂತು ಬಾರಿಸುವುದರಿಂದ ಆ ಓರೆ ಇನ್ನಷ್ಟು ನೋಡಿಕೊಂಡು ಇಡಬೇಕು. ಭಾಗವತರಿಗೆ ತಮ್ಮ ಸ್ವರ ಕೇಳಿಸಲು ಇಡುವ ಮಾನಿಟರ್ ಸ್ಪೀಕರ್ ಕೂಡ ಮೈಕ್‌ನ ಬೆನ್ನ ಕಡೆಯೇ ಇರಬೇಕು. 100 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಸದ್ದನ್ನು ಮಿಕ್ಸರ್‌ನಲ್ಲಿರುವ ಅವರ ಚಾನೆಲ್‌ನಲ್ಲಿ ಕತ್ತರಿಸಿದರೆ ರಂಗದ ಹಲಗೆಯ ದಡಬಡ ನಿಲ್ಲುತ್ತದೆ. ಮದ್ದಳೆಗೆ ಮಾತ್ರ ಮೈಕ್ ಬೇಕು, ಎರಡೂ ಮುಖಕ್ಕೆ, ಏಕೆಂದರೆ ಅದರ ನುಡಿ ನವಿರು.

ಇಷ್ಟು ಮಾಡಲು ಹಿಮ್ಮೇಳದವರು ಹದಿನೈದು ನಿಮಿಷ ಮೊದಲು ರಂಗಕ್ಕೆ ಬಂದು ಕೂತರೆ ಸಾಕು. ವೇಷಧಾರಿಗಳು ಚೌಕಿಯಲ್ಲಿ ಬಣ್ಣ ಹಚ್ಚುತ್ತಿರುತ್ತಾರೆ, ಅವರನ್ನು ಕರೆಯಲು ಆಗದು, ಕರೆಯಲೂಬಾರದು. ಹಿಮ್ಮೇಳದ ಹಿರಿಯರು ನಾನು ಕೇಳಿದಾಗ ಇಲ್ಲವೆಂದದ್ದೇ ಇಲ್ಲ. ಆ ಹೊತ್ತಿಗೆ ವೇದಿಕೆ ಖಾಲಿ ಇರುವುದಿಲ್ಲ, ಅಷ್ಟೇ. ಸನ್ಮಾನ ನಡೆಯುತ್ತಿರುತ್ತದೆ.

ಕೇಳಿಸುವ ಕಲೆಯಲ್ಲಿ ನಾವು ಹಿಂದಿದ್ದವರಲ್ಲ ಎಂಬುದು ನನ್ನ ಸಂಕಟವನ್ನು ಹೆಚ್ಚಿಸುತ್ತದೆ. ಮರಾಠಿ ರಂಗಭೂಮಿಯವರು ತಮ್ಮ ಮೊದಲ ನಾಟಕವನ್ನು 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಆಡಿಸಿದ್ದು ಎಂದು ಲೆಕ್ಕ ಹಿಡಿಯುತ್ತಾರೆ. ಅದಕ್ಕೆ ಪ್ರೇರಣೆ ಕರ್ನಾಟಕದಿಂದ ಅಲ್ಲಿಗೆ ಹೋಗಿದ್ದ ಭಾಗವತ ಮೇಳದ ಆಟ ಎಂದು ಅವರೇ ಬರೆದಿದ್ದಾರೆ. ಗುಬ್ಬಿ ವೀರಣ್ಣನವರ ಕಾಲದ ಕಂಪನಿ ನಟರು ಮೈಕ್ ಬರುವ ಮೊದಲೇ ಕೊನೆಯ ಸಾಲಿಗೆ ಮಾತು ಮುಟ್ಟಿಸುತ್ತಿದ್ದವರು. ಪುಣೆಯಲ್ಲಿ ಪ್ರತಿ ಡಿಸೆಂಬರ್‌ನಲ್ಲಿ ನಡೆಯುವ ಸವಾಯಿ ಗಂಧರ್ವ ಉತ್ಸವವನ್ನು 1953ರಲ್ಲಿ ಆರಂಭಿಸಿದವರು ಗದಗಿನ ಭೀಮಸೇನ ಜೋಶಿಯವರು, ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ. ಅಲ್ಲಿಯ ಪೆಂಡಾಲಿನ ಕೊನೆಯಲ್ಲಿ ನೆಲದ ಮೇಲೆ ಕೂತವರೂ ತಂಬೂರಿಯ ಶ್ರುತಿಗೆ ಕಿವಿಗೊಟ್ಟಿರುತ್ತಾರೆ. ಅಷ್ಟು ಉದ್ದದ ಜಾಗದಲ್ಲಿ ಹಿಂದಿನವರಿಗೆಂದು ಇನ್ನೊಂದು ಜೋಡಿ ಸ್ಪೀಕರ್ ಇಟ್ಟರೆ ಅದಕ್ಕೆ ತಡ ಕೊಡಬೇಕಾಗುತ್ತದೆ. ತಂತಿಯಲ್ಲಿ ಹೋದದ್ದು ಕೂಡಲೇ ಮುಟ್ಟುತ್ತದೆ, ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಮಾತ್ರ ಓಡುತ್ತದೆ. ವೇದಿಕೆಯಿಂದ 34 ಮೀಟರ್ ದೂರದ ಸ್ಪೀಕರನ್ನು ಸುಮಾರು 100 ಮಿಲಿಸೆಕೆಂಡ್ ತಡೆದು ಬಿಡದಿದ್ದರೆ ಒಂದೇ ತಾನ ಎರಡು ಸಲ ಕೇಳುತ್ತದೆ. ಊರಿನ ಜಾತ್ರೆಗಳಲ್ಲಿ ಸಾಲುಕಂಬಕ್ಕೆಲ್ಲ ಹಾರ್ನ್ ಕಟ್ಟಿ ಬಿಟ್ಟಾಗ ಭಾಷಣ ಅರ್ಥವಾಗದೆ ಹೋಗುವುದು ಇದೇ ಕಾರಣಕ್ಕೆ. ಧ್ವನಿ ಕಡಿಮೆಯಾಗಿ ಅಲ್ಲ.

ಮುಂಬಯಿ ಎಲ್ಲದರಲ್ಲೂ ಮುಂದು ಎಂದು ನಾನು ಒಪ್ಪುವುದಿಲ್ಲ. ಬೆಂಗಳೂರಿನ ರಂಗಶಂಕರದಲ್ಲಿ ಹೇಳಿದ ಹೊತ್ತಿಗೆ ನಾಟಕ ಶುರುವಾಗುತ್ತದೆ, ತಡವಾಗಿ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ಆ ಶಿಸ್ತನ್ನು ಇಲ್ಲಿಯ ಎಷ್ಟೋ ಸಭಾಂಗಣಗಳಲ್ಲಿ ನಾನು ಕಂಡಿಲ್ಲ. ನಮ್ಮೂರ ಮೈಕ್ ಸೆಟ್‌ನ ಯಜಮಾನರು ಹಳೆಯ ಅಹುಜಾ ಆಂಪ್ಲಿಫೈಯರನ್ನು ತಾವೇ ಬಿಚ್ಚಿ, ಬೆಸುಗೆ ಹಾಕಿ, ಮಳೆಗಾಲದಲ್ಲೂ ಓಡಿಸುತ್ತಾರೆ. ಇಲ್ಲಿಯ ಹುಡುಗರಲ್ಲಿ ಹಲವರಿಗೆ ಬೆಸುಗೆ ಹಿಡಿಯಲು ಬರುವುದಿಲ್ಲ. ಜನರೇಟರ್‌ನ ಮೂರು ಫೇಸ್ ಲೈನಿನಲ್ಲಿ ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟ್ ಇರಬೇಕಾದಲ್ಲಿ 400ರ ಹತ್ತಿರ ಬರಬಹುದು ಎಂದು ನನಗೆ ಮೊದಲು ಹೇಳಿಕೊಟ್ಟವರು ಆ ಯಜಮಾನರೇ. ಮೀಟರ್ ಹಿಡಿದು ನೋಡದೆ ಅವರು ಪ್ಲಗ್ ಹಾಕುತ್ತಿರಲಿಲ್ಲ. ಅಂಥವರನ್ನು ನಾವು 'ಏ ಮೈಕ್' ಎಂದು ಕರೆಯುತ್ತೇವೆ.

ಹತ್ತು ಗಂಟೆಯ ನಿಯಮದ ವಿಷಯವೂ ಇದೆ. ಶಬ್ದಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ವರ್ಷದಲ್ಲಿ 15 ದಿನ ಮೀರದಂತೆ ರಾಜ್ಯ ಸರ್ಕಾರ ಮಧ್ಯರಾತ್ರಿಯ ತನಕ ಸಡಿಲಿಕೆ ಕೊಡಬಹುದು. ನಿಯಮ ಎರಡೂ ರಾಜ್ಯಕ್ಕೆ ಒಂದೇ. ಇಲ್ಲಿಯ ಆಯೋಜಕರು ಹತ್ತರಿಂದ ಹಿಂದಕ್ಕೆ ಎಣಿಸಿ ಶುರುವಿನ ಹೊತ್ತು ಗೊತ್ತು ಮಾಡುತ್ತಾರೆ. ನಮ್ಮವರು ಜನ ಸೇರಿದ ಮೇಲೆ ನೋಡೋಣ ಎನ್ನುತ್ತಾರೆ. ಕಡೆಗೆ ಮುಖ್ಯ ಗಾಯಕರಿಗೆ ಉಳಿಯುವುದು ಅರ್ಧ ಗಂಟೆ. ಊರಿನಲ್ಲಿ ಕೆಲವು ಮೇಳಗಳು ಕಾಲಮಿತಿಗೆ ಬಂದು, ಹೇಳಿದ ಹೊತ್ತಿಗೆ ಶುರುಮಾಡಿ ಮುಗಿಸುವುದನ್ನು ಕಲಿತಿವೆ. ಸಂಘಗಳಿಗೆ ಇದು ಏಕೆ ಆಗದು?

ಸದ್ದು ಹೆಚ್ಚಾಗಲಿ ಎಂಬ ಒತ್ತಾಯ ಮಾತ್ರ ಎರಡೂ ಕಡೆ ಸಮ. ಗಣೇಶೋತ್ಸವದ ಮೆರವಣಿಗೆಯಲ್ಲಿ ಸ್ಪೀಕರ್ ಗೋಡೆ ಕಟ್ಟುವುದು ಇಲ್ಲಿಯೂ ಇದೆ, ಬೆಳಗಾವಿಯಲ್ಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕಾರ್ಯಕ್ರಮಗಳಿಗೆ ಸೂಚಿಸಿದ ಗರಿಷ್ಠ ಮಿತಿ 15 ನಿಮಿಷದ ಸರಾಸರಿಯಲ್ಲಿ 100 ಡೆಸಿಬೆಲ್. ದುಡಿಯುವವರಿಗೆ ತಜ್ಞರು ಹೇಳುವ ಲೆಕ್ಕ ಇನ್ನೂ ಬಿಗಿ: 85 ಡೆಸಿಬೆಲ್‌ನಲ್ಲಿ 8 ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧ. 100ಕ್ಕೆ ಬಂದರೆ ದಿನಕ್ಕೆ 15 ನಿಮಿಷ. ಸ್ಪೀಕರ್ ಹೊರುವ ನಮ್ಮ ಹುಡುಗರು ಅದರ ಮುಂದೆ ರಾತ್ರಿಯೆಲ್ಲ ನಿಲ್ಲುತ್ತಾರೆ, ಕಿವಿಗೆ ಒಂದು ಪ್ಲಗ್ ಇಲ್ಲದೆ. ಮೂವತ್ತರ ಹರೆಯದಲ್ಲೇ 'ಏನಂದ್ರಿ?' ಎಂದು ಎರಡು ಸಲ ಕೇಳುವವರನ್ನು ನಾನು ಬಲ್ಲೆ. ಬಾಡಿಗೆ ಕೊಡುವ ಯಜಮಾನರು ಇದನ್ನು ತಮ್ಮ ಮಕ್ಕಳ ವಿಷಯ ಎಂದು ತಿಳಿಯಬೇಕು.

ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ. ಇಲ್ಲಿಯ ದೊಡ್ಡ ಕಾರ್ಯಕ್ರಮಗಳಲ್ಲಿ ಸಾಮಾನಿನ ಬಾಡಿಗೆ ಬೇರೆ, ಎಂಜಿನಿಯರ್‌ನ ಸಂಭಾವನೆ ಬೇರೆ. ನಮ್ಮಲ್ಲಿ ಎಲ್ಲ ಸೇರಿಸಿ ಇಷ್ಟು ಎಂದು ಒಂದೇ ಮಾತು. ಬೆಲೆ ಚೌಕಾಸಿ ಮಾಡಿದಾಗ ಸಾಮಾನು ಕಡಿಮೆಯಾಗುವುದಿಲ್ಲ, ಕೂರುವವನ ಪಾಲು ಕಡಿಮೆಯಾಗುತ್ತದೆ. ಹಾಗಾಗಿ ಕೆಲಸ ಬಲ್ಲವನು ಮನೆಯಲ್ಲಿ ಉಳಿದು, ನಿನ್ನೆ ಸೇರಿದ ಹುಡುಗ ಬರುತ್ತಾನೆ.

ಮುಂದಿನ ರಾಜ್ಯೋತ್ಸವಕ್ಕೆ ಸಭಾಂಗಣ ಹಿಡಿಯುವ ಕಾರ್ಯದರ್ಶಿಗಳಲ್ಲಿ ನನ್ನ ಕೋರಿಕೆ ಇಷ್ಟು: ಬಾಗಿಲು ತೆರೆಯುವ ಮೊದಲು ಎರಡು ಗಂಟೆಯ ಬಾಡಿಗೆ ಹೆಚ್ಚು ಕೊಡಿ, ಆ ಹೊತ್ತಿನಲ್ಲಿ ಹಾಡುವವರನ್ನೂ ಹಿಮ್ಮೇಳದವರನ್ನೂ ಕರೆಸಿ. ಸಭೆಯ ನಡುವೆ ಎರಡು ಕುರ್ಚಿ ತೆಗೆಸಿ ಅಲ್ಲಿ ಮಿಕ್ಸರ್ ಇಡಿಸಿ. ಮೈಕ್‌ನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯಬೇಡಿ, ಹಾಗೆ ಹಿಡಿದರೆ ಅದು ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಂಡು ಕೂಗುತ್ತದೆ ಎಂದು ನಿಮ್ಮ ನಿರೂಪಕರಿಗೆ ಹೇಳಿಕೊಡಿ. ಬಾಯಿಗೂ ಮೈಕಿಗೂ ನಾಲ್ಕು ಬೆರಳ ಅಂತರವಿರಲಿ. ಆಮಂತ್ರಣದಲ್ಲಿ ಮಂಟಪ, ಹೂವು, ಊಟದ ವ್ಯವಸ್ಥೆ ಮಾಡಿದವರ ಹೆಸರು ಹಾಕುವಾಗ ಧ್ವನಿ ಎಂದು ಒಂದು ಸಾಲು ಸೇರಿಸಿ, ಅಂದು ಮಿಕ್ಸರ್ ಮುಂದೆ ಕೂರುವವನ ಹೆಸರನ್ನೇ ಹಾಕಿ. ಅಂಗಡಿಯ ಹೆಸರು ಸಾಲದು.