ತಿರುಮಲಾಂಬ ಮೊದಲು ಓದುಗರನ್ನು ತಯಾರು ಮಾಡಿದರು, ಆಮೇಲೆ ಪತ್ರಿಕೆ ತಂದರು

ನಂಜನಗೂಡು ತಿರುಮಲಾಂಬ ಅವರ ಹೆಸರು ಬಂದಾಗಲೆಲ್ಲ ನಾವು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿಬಿಡುತ್ತೇವೆ: ಹೊಸಗನ್ನಡದ ಮೊದಲ ಲೇಖಕಿ, ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ. ಪರೀಕ್ಷೆಯ ಗೈಡುಗಳಲ್ಲಿ ಅಂಕಕ್ಕೆ ಅಷ್ಟು ಸಾಕು. ಆದರೆ ಮೂರು ಸಲ ‘ಮೊದಲ’ ಅಂದರೂ ಅವರು ಮಾಡಿದ ಕೆಲಸ ಏನು, ಅದು ಯಾಕೆ ಅಷ್ಟು ಕಷ್ಟವಾಗಿತ್ತು ಅನ್ನುವುದು ತಿಳಿಯುವುದಿಲ್ಲ.

ಅವರು ಹುಟ್ಟಿದ್ದು 1887ರಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ಹತ್ತನೇ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಅಂಥ ಹುಡುಗಿ ಹೊಸ್ತಿಲು ದಾಟಿ ಪಾಠಕ್ಕೆ ಹೋಗುವುದು ಆ ಕಾಲದ ಬ್ರಾಹ್ಮಣ ಮನೆಗಳಲ್ಲಿ ಸುಲಭದ ಮಾತಲ್ಲ. ಮೈಸೂರಿನಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ 1881ರಲ್ಲೇ ಹೆಣ್ಣುಮಕ್ಕಳ ಶಾಲೆ ಶುರುವಾಗಿತ್ತು, ನಿಜ. ನಂಜನಗೂಡಿನಿಂದ ಅದು ಹದಿನೈದೇ ಮೈಲಿ, ಆದರೂ ಇವರ ಪಾಲಿಗೆ ದೂರವೇ. ತಂದೆ ಮನೆಯಲ್ಲೇ ಓದಿಗೆ ದಾರಿ ಮಾಡಿಕೊಟ್ಟರು. ಕಲಿತದ್ದನ್ನು ಇವರು ಅದೇ ಮನೆಯಲ್ಲಿ ಬೇರೆ ಹೆಣ್ಣುಮಕ್ಕಳಿಗೆ ಹೇಳಿಕೊಟ್ಟರು. ಆ ಮನೆಪಾಠಕ್ಕೆ ‘ಮಾತೃಮಂದಿರ’ ಎಂದು ಹೆಸರಿಟ್ಟರು.

ನನ್ನ ದೃಷ್ಟಿಯಲ್ಲಿ ಅವರ ಸಂಪಾದಕತ್ವ ಶುರುವಾಗುವುದು ಆ ಮಾತೃಮಂದಿರದಲ್ಲೇ. 1911ರ ಜನಗಣತಿ ನೋಡಿ. ಭಾರತದಲ್ಲಿ ಓದು ಬರಹ ಬಲ್ಲ ಹೆಂಗಸರು ನೂರಕ್ಕೆ ಒಬ್ಬರು. ಹೆಂಗಸರ ಪತ್ರಿಕೆ ಹೊರಡಿಸುವವರಿಗೆ ಓದುಗರೇ ಇಲ್ಲ ಅಂದ ಹಾಗಾಯಿತು. ಅಕ್ಷರ ಕಲಿಸಬೇಕು, ಕಲಿತವರ ಕೈಗೆ ಏನಾದರೂ ಓದಲು ಕೊಡಬೇಕು, ಅವರನ್ನೇ ಬರೆಯುವ ಮಟ್ಟಕ್ಕೆ ತರಬೇಕು. 1913ರಲ್ಲಿ ಅವರು ‘ಸತೀ ಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿ, ತಮ್ಮದೇ ಕಾದಂಬರಿ ‘ಸುಶೀಲೆ’ಯನ್ನು ಪ್ರಕಟಿಸಿದ್ದು, ಅದರ ಹಿಂದೆಯೇ ಮೊದಲ ಮಹಾಯುದ್ಧದ ದಿನಗಳಲ್ಲಿ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆ ತಂದದ್ದು, ಎಲ್ಲ ಒಂದೇ ಕೆಲಸದ ಮುಂದುವರಿಕೆ.

‘ಸತೀ’ ಅನ್ನುವ ಹೆಸರು ನೋಡಿ ಇವತ್ತಿನ ಕೆಲವರು ಮೂಗು ಮುರಿಯುತ್ತಾರೆ. ಪಾತಿವ್ರತ್ಯ, ಗೃಹಧರ್ಮದ ಮಾತು ಅವರ ಬರಹದಲ್ಲಿ ಇದೆ, ಧಾರಾಳವಾಗಿಯೇ ಇದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಪುಸ್ತಕ ಅಂಗಳದಿಂದ ಅಡುಗೆಮನೆಗೆ ಹೋಗಬೇಕಾದರೆ ಜಗಲಿಯ ಮೇಲೆ ಕೂತ ಗಂಡಸರನ್ನು ದಾಟಿಯೇ ಹೋಗಬೇಕಿತ್ತು. ಆ ಹೆಸರು ಕಂಡ ಮಾವನೋ ಮೈದುನನೋ ‘ಓದಲಿ ಬಿಡಿ’ ಅಂದಿರುತ್ತಾರೆ. ಒಳಗೆ ಹೋದ ಮೇಲೆ ಅದೇ ಪುಟಗಳು ಹೆಣ್ಣಿಗೆ ವಿದ್ಯೆ ಬೇಕು ಅನ್ನುತ್ತಿದ್ದವು.

ಇನ್ನು ಪತ್ರಿಕೆ ನಡೆಸುವ ಕಷ್ಟ. ಮೈಸೂರು ಸಂಸ್ಥಾನದಲ್ಲಿ 1908ರ ವೃತ್ತಪತ್ರಿಕೆ ಕಾನೂನು ಜಾರಿಯಲ್ಲಿತ್ತು. ಸರ್ಕಾರದ ಅಪ್ಪಣೆ ಇಲ್ಲದೆ ಪತ್ರಿಕೆ ನಡೆಸುವ ಹಾಗಿರಲಿಲ್ಲ. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರಂಥ ಹಿರಿಯ ಸಂಪಾದಕರು ಇದನ್ನು ಪ್ರತಿಭಟಿಸಿ ಪತ್ರಿಕೆಗಳನ್ನೇ ನಿಲ್ಲಿಸಿದ್ದರು. ಆ ಘಟನೆ ಇನ್ನೂ ಹಸಿಯಾಗಿದ್ದ ದಶಕದಲ್ಲೇ ಒಬ್ಬ ವಿಧವೆ ಹೆಣ್ಣುಮಗಳು ಸಂಪಾದಕಿ ಎಂದು ತಮ್ಮ ಹೆಸರು ಹಾಕಿಕೊಂಡರು.

ಅಚ್ಚುಕೂಟದ ಕೆಲಸ ಹೇಗಿತ್ತು ಅನ್ನುವುದಕ್ಕೆ ಒಂದು ಪದ ತಗೊಳ್ಳಿ: ‘ಸ್ತ್ರೀ’. ಹೆಂಗಸರ ಪತ್ರಿಕೆಯಲ್ಲಿ ಪುಟಕ್ಕೆ ಹತ್ತು ಸಲ ಬರುವ ಪದ. ಸೀಸದ ಅಚ್ಚುಮೊಳೆಯಲ್ಲಿ ಇದನ್ನು ಜೋಡಿಸಲು ‘ಸಿ’ ಒಂದು, ಕೆಳಗೆ ತಕಾರದ ಒತ್ತು, ರಕಾರದ ಒತ್ತು, ಪಕ್ಕದಲ್ಲಿ ದೀರ್ಘ. ಎಣಿಸಿದರೆ ಒಂದಕ್ಷರಕ್ಕೆ ನಾಲ್ಕು ತುಂಡು. ಒತ್ತಿನ ಮೊಳೆ ಸಣ್ಣದು, ಬೇಗ ಸವೆಯುತ್ತದೆ, ಮುರಿಯುತ್ತದೆ. ಕೇಸಿನಲ್ಲಿ, ಅಂದರೆ ಮೊಳೆಗಳನ್ನಿಡುವ ಮನೆಮನೆಯ ತಟ್ಟೆಯಲ್ಲಿ, ಅದು ಖಾಲಿಯಾದರೆ ಮೊಳೆ ಜೋಡಿಸುವ ಕಂಪೋಸಿಟರ್ ಕೈಕಟ್ಟಿ ಕೂರಬೇಕು. ಕಾಗದದ ಅಳತೆ ಕ್ರೌನ್ ಆಗಲಿ ಡೆಮಿ ಆಗಲಿ, ಹದಿನಾರು ಪುಟದ ಒಂದು ಫಾರಂ ಅಚ್ಚಾಗಿ, ಮೊಳೆಗಳನ್ನು ಬಿಚ್ಚಿ ಮತ್ತೆ ಕೇಸಿಗೆ ಹಾಕಿದ ಮೇಲೆಯೇ ಮುಂದಿನ ಫಾರಂ. ಒಂದು ಲೇಖನ ತಡವಾದರೆ ಇಡೀ ಸಂಚಿಕೆ ತಡ. ಕರಡು ತಿದ್ದುವವರಿಗೆ ಒತ್ತಕ್ಷರದ ಮೇಲೆ ವಿಶೇಷ ಕಣ್ಣು ಬೇಕು, ಯಾಕೆಂದರೆ ಹೊಸದಾಗಿ ಓದಲು ಕಲಿತ ಹೆಣ್ಣುಮಗಳು ತಪ್ಪಾಗಿ ಬಿದ್ದ ಒತ್ತನ್ನೇ ಸರಿ ಎಂದು ಕಲಿಯುತ್ತಾಳೆ.

ಯುದ್ಧದಿಂದ ಕಾಗದದ ಆಮದು ತಗ್ಗಿ ಬೆಲೆ ಏರಿತ್ತು. ಅದಕ್ಕಿಂತ ದೊಡ್ಡ ತಲೆನೋವು ಚಂದಾ. ಆ ಕಾಲದ ಪತ್ರಿಕೆಗಳ ಚಂದಾ ಬಹುಪಾಲು ವಿ.ಪಿ. (ವ್ಯಾಲ್ಯೂ ಪೇಯಬಲ್) ಅಂಚೆಯ ಮೂಲಕ. ಸಂಪಾದಕರು ತಮ್ಮ ಖರ್ಚಿನಲ್ಲಿ ಸಂಚಿಕೆ ಕಳಿಸುತ್ತಾರೆ, ಅಂಚೆಯವನು ಮನೆಬಾಗಿಲಲ್ಲಿ ಹಣ ವಸೂಲಿ ಮಾಡುತ್ತಾನೆ, ಆ ಹಣ ಮನಿಯಾರ್ಡರಾಗಿ ವಾಪಸು ಬರುತ್ತದೆ. ಮನೆಯವರು ‘ಬೇಡ’ ಅಂದರೆ ಪೊಟ್ಟಣ ತಿರುಗಿ ಬಂದು, ಅಂಚೆ ಖರ್ಚು ಸಂಪಾದಕರ ತಲೆಗೆ. ಎಲ್ಲ ಪತ್ರಿಕೆಗಳಿಗೂ ಈ ಕಾಟ ಇತ್ತು. ಹೆಂಗಸರ ಪತ್ರಿಕೆಗೆ ಇನ್ನೂ ಜಾಸ್ತಿ. ಓದುವವಳು ಒಬ್ಬಳು, ದುಡ್ಡು ಇನ್ನೊಬ್ಬರ ಜೇಬಿನಲ್ಲಿ. ಓದುಗಿಗೆ ಇಷ್ಟವಿದ್ದೂ ಪತ್ರಿಕೆ ಸಾಯಬಹುದಿತ್ತು. ‘ಕರ್ನಾಟಕ ನಂದಿನಿ’ ಹೆಚ್ಚು ಕಾಲ ಬಾಳಲಿಲ್ಲ ಅಂತ ಬರೆಯುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಆ ದಾರಿ ಮುಚ್ಚಿಹೋಗಲಿಲ್ಲ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು ‘ಸರಸ್ವತಿ’ ಮಾಸಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು, ಮಕ್ಕಳ ಕೂಟ ಕಟ್ಟಿದರು. ಅವರೂ ಬಾಲವಿಧವೆಯೇ. ಇವರಿಬ್ಬರಿಗೂ ಮೊದಲೇ, ಲಾಹೋರಿನಲ್ಲಿ 1898ರಿಂದ ಉರ್ದುವಿನ ‘ತಹಜೀಬ್-ಎ-ನಿಸ್ವಾನ್’ ಸಂಪಾದಿಸಿದ ಮುಹಮ್ಮದಿ ಬೇಗಂ ಕೂಡ ಪತ್ರಿಕೆಯನ್ನು ಹೆಣ್ಣುಮಕ್ಕಳ ಪಾಠಶಾಲೆಯಾಗಿಯೇ ಕಂಡವರು.

ತಿರುಮಲಾಂಬ ತೀರಿಕೊಂಡದ್ದು 1982ರಲ್ಲಿ, ಚೆನ್ನೈಯಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ಕನ್ನಡದ ಬಹುಪಾಲು ಓದುಗರು ಅವರನ್ನು ಮರೆತಿದ್ದರು. ಮತ್ತೆ ನೆನಪಿಗೆ ತಂದ ಶ್ರೇಯಸ್ಸು ಪ್ರಾಂಶುಪಾಲೆಯಾಗಿದ್ದ ಸಿ.ಎನ್. ಮಂಗಳಾ ಅವರಂಥವರಿಗೆ ಸಲ್ಲಬೇಕು. ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಕಾಲೇಜಿನ ಮಹಿಳಾ ಅಧ್ಯಯನ ಕೇಂದ್ರ ‘ಶಾಶ್ವತಿ’ ತಿರುಮಲಾಂಬ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತ ಬಂದಿದೆ. ಪ್ರಶಸ್ತಿ ಸಂತೋಷವೇ. ಆದರೆ ಸಂಪಾದಕರನ್ನು ಅರಿಯಬೇಕಾದರೆ ಸಂಚಿಕೆಗಳು ಬೇಕು, ಅವು ಇನ್ನೂ ಹಳೇ ಮನೆಗಳ ಟ್ರಂಕಿನಲ್ಲಿ, ಅಟ್ಟದ ಮೇಲೆ ಇರಬಹುದು. ಹಳೇ ಮನೆ ಒಡೆಯುವ ಮುಂಚೆ ದಯವಿಟ್ಟು ಒಮ್ಮೆ ನೋಡಿ. ಯಾವ ಹೆಂಗಸರ ಪತ್ರಿಕೆ ಸಿಕ್ಕರೂ ಈ ಮಾತುಗಳು ನೆನಪಿರಲಿ.

ಬಿಸಿಲಿಗೆ ಹಾಕಬೇಡಿ, ಆ ಕಾಲದ ಕಾಗದದಲ್ಲಿ ಆಮ್ಲ ಹೆಚ್ಚು, ಬಿಸಿಲು ತಗುಲಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ನೆರಳಿನಲ್ಲಿ ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ. ಹರಿದ ಕಡೆ ಸೆಲೋಟೇಪ್ ಹಚ್ಚಲೇಬೇಡಿ, ಕೆಲವೇ ವರ್ಷದಲ್ಲಿ ಅಂಟು ಕಂದು ಬಣ್ಣಕ್ಕೆ ತಿರುಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ವಾಪಸು ಬಾರದ ದಾರಿ. ಬೆನ್ನಿನ ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಚ್ಚಿಕೊಂಡಿದ್ದರೆ ಎಳೆಯಬೇಡಿ, ಹಿಂಬದಿಯಿಂದ ಕಾಲುಗಳನ್ನು ಮೆಲ್ಲಗೆ ನೆಟ್ಟಗೆ ಮಾಡಿ ಮೇಲಿನಿಂದ ಬಿಡಿಸಿ. ಸ್ಕ್ಯಾನ್ ಮಾಡುವುದಾದರೆ 400 ಡಿಪಿಐ (ಇಂಚಿಗೆ 400 ಚುಕ್ಕೆ), ಬಣ್ಣದಲ್ಲೇ. ಕಪ್ಪು ಬಿಳುಪಿನಲ್ಲಿ ತೆಗೆದರೆ ಸವೆದ ಒತ್ತುಗಳು ಕಾಣದಾಗುತ್ತವೆ. ಮುಖಪುಟ, ಜಾಹೀರಾತು, ಚಂದಾದಾರರಿಗೆ ವಿಜ್ಞಾಪನೆ ಯಾವುದನ್ನೂ ಬಿಡಬೇಡಿ, ಪತ್ರಿಕೆಯ ಹಣಕಾಸು ತಿಳಿಯುವುದು ಆ ಪುಟಗಳಲ್ಲೇ.

ಇಸವಿ ಹಾಕುವಾಗ ಹೆಚ್ಚು ಜನ ಎಡವುತ್ತಾರೆ. ಸಂಚಿಕೆಯ ಮೇಲೆ ‘ಪಿಂಗಳ ಸಂವತ್ಸರ’ ಅಂತ ಮಾತ್ರ ಇದ್ದರೆ ಅದು 1917ರ ಯುಗಾದಿಯಿಂದ 1918ರ ಯುಗಾದಿಯವರೆಗೆ. ಫಾಲ್ಗುಣದ ಸಂಚಿಕೆಗೆ 1917 ಎಂದು ಬರೆದರೆ ಒಂದು ವರ್ಷ ತಪ್ಪಿಹೋಯಿತು. ಅರವತ್ತು ವರ್ಷಕ್ಕೆ ಹೆಸರು ತಿರುಗಿ ಬರುತ್ತದೆ ಅನ್ನುವುದೂ ಗಮನದಲ್ಲಿರಲಿ. ಸಂಪುಟ, ಸಂಚಿಕೆ, ಸಂವತ್ಸರ, ಮಾಸ ನಾಲ್ಕನ್ನೂ ಇದ್ದ ಹಾಗೇ ಬರೆದಿಡಿ.

ಅಂತರ್ಜಾಲಕ್ಕೆ ಹಾಕುವ ಮುಂಚೆ ಹಕ್ಕುಸ್ವಾಮ್ಯ ನೋಡಿ. ನಮ್ಮಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಆ ಲೆಕ್ಕದಲ್ಲಿ ತಿರುಮಲಾಂಬ ಅವರ ಸ್ವಂತ ಬರಹ 2042ರ ಕೊನೆಯವರೆಗೆ ಮುಕ್ತವಲ್ಲ. ಸ್ಕ್ಯಾನ್ ಮಾಡಿ ಕಾಪಾಡಲು, ಯಾವುದಾದರೂ ಗ್ರಂಥಾಲಯಕ್ಕೆ ಪ್ರತಿ ಒಪ್ಪಿಸಲು ಅಲ್ಲಿಯವರೆಗೆ ಕಾಯುವುದು ಬೇಡ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯಲ್ಲೋ ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತಿನಲ್ಲೋ ವಿಚಾರಿಸಿ.

ಒಳಪುಟದ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಯಾರದೋ ಹೆಸರು ಬರೆದಿದ್ದರೆ ಅಳಿಸಬೇಡಿ. ಚಂದಾ ಪಟ್ಟಿಯಲ್ಲಿ ಗಂಡನದೋ ತಂದೆಯದೋ ಹೆಸರಿರುತ್ತದೆ. ಓದಿದ ಹೆಂಗಸಿನ ಹೆಸರು ಉಳಿದಿದ್ದರೆ ಆ ಮೂಲೆಯಲ್ಲಿ ಮಾತ್ರ.