ಸತ್ಯಾಂಶ: ಕಾಫಿಗೆ ಪುಡಿ ಬೆರೆಸಿದರೆ ಕುಡಿತ ಬಿಡುತ್ತದೆಯೇ?

ಕುಡಿಯುವವರಿಗೆ ಗೊತ್ತಾಗದಂತೆ ಸಾರಿಗೋ ಕಾಫಿಗೋ ಪುಡಿ ಬೆರೆಸಿ ಕೊಟ್ಟರೆ ವಾರದಲ್ಲಿ ಕುಡಿತ ಬಿಡುತ್ತಾರೆ ಅನ್ನೋ ಮೆಸೇಜು ಮತ್ತೆ ಮತ್ತೆ ಬರುತ್ತದೆ. ಕಳಿಸುವವರು ನೊಂದ ಮನೆಗೆ ದಾರಿ ಸಿಗಲಿ ಅಂತಲೇ ಕಳಿಸುತ್ತಾರೆ. ಆದರೆ ಇದು ನಿಜವಲ್ಲ, ಅಪಾಯ ಕೂಡ.

ಕುಡಿತದ ಚಟ ಒಂದು ಕಾಯಿಲೆ, ಗುಟ್ಟಾಗಿ ಪುಡಿ ಬೆರೆಸಿದರೆ ವಾಸಿಯಾಗುವಂಥದ್ದಲ್ಲ. ಪುಡಿಯಲ್ಲಿ ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಅನ್ನೋ ಔಷಧಿ ಸೇರಿದ್ದರೆ, ಗೊತ್ತಿಲ್ಲದೆ ಅದರ ಮೇಲೆ ಕುಡಿದವರಿಗೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಅದಕ್ಕೇ ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು ಕೊಡುತ್ತಾರೆ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ದಿಢೀರನೆ ನಿಲ್ಲಿಸಿದರೂ 2-3 ದಿನದಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು.

ನೀವೇ ಪರೀಕ್ಷಿಸಿ. ಪೊಟ್ಟಣದ ಮೇಲೆ ಏನೇನು ಬೆರೆಸಿದ್ದಾರೆ, ಲೈಸೆನ್ಸ್ ನಂಬರ್ ಏನು ಅಂತ ಇದೆಯಾ? ಕುಡಿಯುವವರನ್ನು ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಹತ್ತಿರದ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವುದಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಕೇಳಿ. ಡಾಕ್ಟರು ಯಾವಾಗ ಬರುತ್ತಾರೆ, ಮನೆಯವರು ನೋಡಲು ಬರಬಹುದಾ ಅಂತಲೂ ಕೇಳಿ. ಒಳಗೆ ಬಿಡಲ್ಲ ಅಂದರೆ ಅಲ್ಲಿಗೆ ಸೇರಿಸಬೇಡಿ. ಊರಲ್ಲಿ ಯಾರೂ ಸಿಗದಿದ್ದರೆ ಸರ್ಕಾರದ ಉಚಿತ ಸಹಾಯವಾಣಿ 14416 ಇದೆ.