ಆರು ಇಂಚಿನಲ್ಲಿ ಕನ್ನಡ ಪಿಡಿಎಫ್ ಓದಿ ನೋಡಿ
ಇ-ಪುಸ್ತಕ ಓದುವ ಸಾಧನಗಳನ್ನು ಹೋಲಿಸಿದ ನಿಮ್ಮ ಬರಹದಲ್ಲಿ, ಅಮೆಜಾನ್‌ನ 6 ಇಂಚಿನ ಬೇಸಿಕ್ ಕಿಂಡಲ್ ಸಾಕು, ಬೂಕ್ಸ್‌ನಂಥ ಆಂಡ್ರಾಯ್ಡ್ ರೀಡರ್‌ಗೆ ಜಾಸ್ತಿ ಕೊಡುವುದು ದಂಡ ಎಂದಿದ್ದೀರಿ. ಇಂಗ್ಲಿಷ್ ಕಾದಂಬರಿ ಓದುವವರಿಗೆ ಸರಿ. ರಾಯಚೂರಿನಲ್ಲಿ ಕೂತು ನಾನು ಓದುವುದು ಹೆಚ್ಚಾಗಿ ಸ್ಕ್ಯಾನ್ ಮಾಡಿದ ಹಳೆ ಕನ್ನಡ ಪುಸ್ತಕಗಳ ಪಿಡಿಎಫ್. ಅದರಲ್ಲಿ ಇಡೀ ಪುಟ ಒಂದು ಚಿತ್ರ, ಅಕ್ಷರ ಮಾತ್ರ ದೊಡ್ಡದು ಮಾಡಲು ಆಗುವುದಿಲ್ಲ. 6 ಇಂಚಿನ ಪರದೆಯಲ್ಲಿ ಒತ್ತಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ. ಹಿಗ್ಗಿಸಿದರೆ ಸಾಲುಸಾಲಿಗೂ ಪುಟ ಎಳೆದಾಡಬೇಕು. ಬೂಕ್ಸ್‌ನಲ್ಲಿ 10 ಇಂಚಿನ ಮಾದರಿಗಳಿವೆ, ಕನ್ನಡ ಇ-ಪುಸ್ತಕದ ಆ್ಯಪ್‌ಗಳನ್ನೂ ಹಾಕಿಕೊಳ್ಳಬಹುದು. ಬ್ಯಾಟರಿಯಲ್ಲಿ ಕಿಂಡಲ್ ಮುಂದೆ, ಒಪ್ಪುತ್ತೇನೆ. ನಮ್ಮೂರ ಬಿಸಿಲಲ್ಲಂತೂ ಎರಡೂ ಚೆನ್ನಾಗಿ ಕಾಣುತ್ತವೆ, ಕಾಗದದಂತೆ ಕಾಣುವ ಇ-ಇಂಕ್ ಪರದೆ ಅಲ್ವಾ. ಆದರೆ ಕನ್ನಡದಲ್ಲಿ ಬರೆದ ಹೋಲಿಕೆಯಲ್ಲಿ ಕನ್ನಡ ಪಿಡಿಎಫ್ ತೆರೆದೇ ನೋಡದೆ ಸುಮ್ನೆ ಬೆಲೆ ಪಟ್ಟಿ ಕೊಟ್ಟರೆ ಹೇಗೆ?